ಕ್ರಿಸ್‌ಮಸ್‌ನಿಂದ ಸಂಕ್ರಾಂತಿವರೆಗಿನ ಕಸ ಮತ್ತು ಮಂಡಿ ಮೊಹಲ್ಲಾದ ಒಂದು ಗುಜರಿ ಅಂಗಡಿ

ಗುಜರಿ ಅಂಗಡಿಗೂ ಯಾರಾದರೂ ರಿವ್ಯೂ ಬರೆಯುತ್ತಾರಾ ಅಂತ ನಮ್ಮ ಮನೆಯವರು ಕೇಳಿದರು. ಯಾಕೆ ಬರೆಯಬಾರದು? ವರ್ಷಕ್ಕೊಮ್ಮೆ ಹೋಗುವ ಹೋಟೆಲ್ಲಿಗೆ ಉದ್ದುದ್ದ ಬರೆಯುತ್ತೇವೆ. ಪ್ರತಿ ತಿಂಗಳೂ ಬೇಕಾಗುವ ಅಂಗಡಿಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಮೈಸೂರಿನ ಅಶೋಕ ರಸ್ತೆ ಬಿಟ್ಟು ಮಂಡಿ ಮೊಹಲ್ಲಾದ ಒಳರಸ್ತೆಗಳಿಗೆ ತಿರುಗಿದರೆ ಇಂಥ ಅಂಗಡಿಗಳು ಹಲವು ಇವೆ. ಅದರಲ್ಲಿ ಒಂದರ ಬಗ್ಗೆ ಬರೆಯುತ್ತಿದ್ದೇನೆ. ಬೋರ್ಡ್ ಇಲ್ಲ, ಹಾಗಾಗಿ ಹೆಸರೂ ಗೊತ್ತಿಲ್ಲ. ಗಂಡ, ಹೆಂಡತಿ, ಜೊತೆಗೊಬ್ಬ ಕೆಲಸದ ಹುಡುಗ, ಇಷ್ಟೇ ಜನ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ನಮ್ಮದು ಎನ್.ಆರ್. ಮೊಹಲ್ಲಾ. ಕ್ರಿಸ್‌ಮಸ್ ಮಾಡುವ ಮನೆ, ಅಕ್ಕಪಕ್ಕದವರು ಸಂಕ್ರಾಂತಿ ಮಾಡುವವರು. ಹಾಗಾಗಿ ಡಿಸೆಂಬರ್ 24ರಿಂದ ಸಂಕ್ರಾಂತಿ ಮುಗಿಯುವವರೆಗೂ ನಮ್ಮ ಮನೆಗೆ ಏನಾದರೊಂದು ಬರುತ್ತಲೇ ಇರುತ್ತದೆ, ಹೋಗುವುದು ಮಾತ್ರ ಕಡಿಮೆ. ಕೇಕ್ ಡಬ್ಬಿ, ಮಕ್ಕಳ ಗಿಫ್ಟ್ ಸುತ್ತಿದ ಕಾಗದ, ಆನ್‌ಲೈನಲ್ಲಿ ತರಿಸಿದ ಸಾಮಾನಿನ ರಟ್ಟಿನ ಪೆಟ್ಟಿಗೆಗಳು, ವರ್ಷದ ಕೊನೆಯ ರಿಯಾಯಿತಿಯಲ್ಲಿ ಕೊಂಡ ಮಿಕ್ಸಿಯ ಥರ್ಮಾಕೋಲ್, ಜ್ಯೂಸಿನ ಪ್ಯಾಕೆಟ್ಟು, ಅತ್ತೆ ಮಾಡಿದ ದ್ರಾಕ್ಷಿ ವೈನಿಗೆ ತಂದಿಟ್ಟು ಉಳಿದ ಖಾಲಿ ಬಾಟಲಿಗಳು, ಅರ್ಧ ಉರಿದು ಅರ್ಧ ಉರಿಯದ ಸೀರಿಯಲ್ ಸೆಟ್ಟುಗಳು. ಮೂರು ರಾಜರ ಹಬ್ಬ ಆದ ಮೇಲೆ, ಅಂದರೆ ಜನವರಿ 6 ಕಳೆದ ಮೇಲೆ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಬಿಚ್ಚುತ್ತೇವೆ. ಆಗ ಇನ್ನೊಂದಷ್ಟು. ಅಷ್ಟು ಹೊತ್ತಿಗೆ ಸಂಕ್ರಾಂತಿ ಬರುತ್ತದೆ. ಈ ಸಲ ಬಂದ ಎಳ್ಳು ಬೆಲ್ಲದ ಪುಟ್ಟ ಪುಟ್ಟ ಪ್ಲಾಸ್ಟಿಕ್ ಪೊಟ್ಟಣಗಳನ್ನು ಮಗಳು ಎಣಿಸಿದಳು, 37 ಇದ್ದವು. ಜೊತೆಗೆ ಕಬ್ಬಿನ ಸಿಪ್ಪೆ, ಅವರೆಕಾಯಿ ಸಿಪ್ಪೆ.

ಹೋದ ವರ್ಷದವರೆಗೆ ನಾವು ಇದನ್ನೆಲ್ಲ ಒಣ ಕಸ, ಹಸಿ ಕಸ ಅಂತ ಎರಡು ಮಾಡಿ ಬೆಳಿಗ್ಗೆ ತಳ್ಳುಗಾಡಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆವು. ಎರಡು ಮಾಡಿದ್ದೇವೆ, ನಮ್ಮ ಕೆಲಸ ಮುಗಿಯಿತು ಅನ್ನುವ ಸಮಾಧಾನ ಇತ್ತು. ಹೋದ ಜನವರಿಯಲ್ಲಿ ಕ್ರಿಸ್‌ಮಸ್ ಟ್ರೀಗೆ ನೇತು ಹಾಕುವ ಗಾಜಿನ ಗುಂಡೊಂದು ಒಡೆಯಿತು. ಪೇಪರಲ್ಲಿ ಸುತ್ತಿ ಒಣ ಕಸದ ಚೀಲಕ್ಕೆ ಹಾಕಿ ಗಾಡಿಗೆ ಕೊಟ್ಟೆ. ಮಾರನೇ ದಿನ ಗಾಡಿಯ ಅಕ್ಕ ಬಂದಾಗ ಅವರ ಬಲಗೈ ಹೆಬ್ಬೆರಳಿಗೆ ಹಳೇ ಸೀರೆಯ ಚೂರು ಕಟ್ಟಿತ್ತು, ಬಟ್ಟೆಯ ತುದಿ ಕಂದಾಗಿತ್ತು. ಏನಾಯಿತು ಅಂದೆ. "ನಿಮ್ಮನೆ ಕವರಲ್ಲಿ ಗಾಜಿತ್ತು. ಇನ್ಮೇಲೆ ಗಾಜಿದ್ದರೆ ಬಾಯಲ್ಲಿ ಹೇಳಿಬಿಡಿ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ದಿನ ಇಡೀ ನನಗೆ ಊಟ ಸೇರಲಿಲ್ಲ. ನಾವು ಕೊಟ್ಟ ಒಣ ಕಸವನ್ನು ಇನ್ನೊಬ್ಬರು ಬರಿಗೈಯಲ್ಲಿ ಬಿಡಿಸಿ ಹತ್ತಾರು ಭಾಗ ಮಾಡುತ್ತಾರೆ ಅನ್ನುವುದು ಅಲ್ಲಿವರೆಗೆ ನನ್ನ ತಲೆಗೇ ಹೋಗಿರಲಿಲ್ಲ. 2015ರಲ್ಲಿ, ಮತ್ತೆ 2016ರಲ್ಲಿ ದೇಶದ ಸ್ವಚ್ಛ ನಗರ ನಮ್ಮ ಮೈಸೂರು ಅಂತ ಪತ್ರಿಕೆಯಲ್ಲಿ ಬಂದಾಗ ಊರಿನ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಕೊಂಡಿದ್ದೆ. ಆ ಹೆಸರು ಬಂದಿದ್ದು ಈ ಕೈಗಳಿಂದ.

ಈಗ ನಮ್ಮ ಮನೆಯಲ್ಲಿ ಒಡೆದ ಗಾಜು ಹಳೇ ತಗಡಿನ ಡಬ್ಬಿಗೆ ಹೋಗುತ್ತದೆ. ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ ಮಾರ್ಕರಲ್ಲಿ 'ಗಾಜು' ಅಂತ ದಪ್ಪಗೆ ಬರೆದು ಕೈಗೇ ಕೊಡುತ್ತೇವೆ. ಮಾರಲು ಬರುವ ವಸ್ತುಗಳನ್ನು ನಾವೇ ಬೇರೆ ಮಾಡಿ ಗುಜರಿಗೆ ಕೊಡೋಣ ಅಂತ ಶುರು ಮಾಡಿದ್ದೂ ಆಮೇಲೆಯೇ.

ಮೊದಲು ಬೀದಿಯಲ್ಲಿ ಕೂಗಿಕೊಂಡು ಬರುವ ಸೈಕಲ್ಲಿನವರಿಗೆ ಕೊಟ್ಟು ನೋಡಿದೆವು. ಎಲ್ಲರೂ ಹಾಗೆ ಅನ್ನುವುದಿಲ್ಲ, ಆದರೆ ನಮಗೆ ಸಿಕ್ಕವರ ತೂಕ ಸರಿ ಇರಲಿಲ್ಲ. ಕೈಯಲ್ಲಿ ಹಿಡಿದು ಎತ್ತುವ ಕೊಕ್ಕೆ ತಕ್ಕಡಿ, ಮುಳ್ಳು ನಿಲ್ಲುವ ಮೊದಲೇ ಇಳಿಸಿಬಿಡುತ್ತಿದ್ದರು. ನಾವು ಮನೆಯಲ್ಲಿ ಐದು ಕೆಜಿ ತೂಗಿಟ್ಟಿದ್ದ ಪೇಪರ್ ಅವರಲ್ಲಿ ಮೂರೂವರೆ ಆಯಿತು. ದುಡ್ಡಿನ ಮಾತು ಬಿಡಿ, ಹತ್ತಿಪ್ಪತ್ತು ರೂಪಾಯಿ. ಬೇಜಾರಾಗಿದ್ದು ಇನ್ನೊಂದಕ್ಕೆ. ಬೇಕಾದ್ದು ಆರಿಸಿಕೊಂಡು, ಬೇಡದ್ದನ್ನು ನಮ್ಮ ಬೀದಿಯ ಮೂಲೆಯಲ್ಲೇ ಸುರಿದು ಹೋಗಿದ್ದರು. ನಮ್ಮ ಮನೆಯ ಕೇಕ್ ಡಬ್ಬಿಯನ್ನು ನಾನು ಅಲ್ಲಿ ನೋಡಿದೆ.

ಹಾಗಾಗಿ ಮಂಡಿ ಮೊಹಲ್ಲಾಕ್ಕೆ ಹೋದೆವು. ಪರಿಚಯದವರೊಬ್ಬರು ಹೇಳಿದ್ದು, "ಆ ಗುಜರಿ ಅಂಗಡಿಯ ಅಕ್ಕ ಬೇಡ ಅಂದರೆ ಬೇಡ ಅಂತ ಮುಖದ ಮೇಲೆ ಹೇಳುತ್ತಾರೆ, ಅಲ್ಲಿಗೇ ಹೋಗಿ" ಅಂತ.

ಅಂಗಡಿ ಅಂದರೆ ಹತ್ತಡಿ ಅಗಲದ ಒಂದು ಶೆಡ್ಡು. ಎಡಕ್ಕೆ ರಟ್ಟು ಮಡಚಿ ಕಟ್ಟಿದ ಕಟ್ಟುಗಳು ತಾರಸಿವರೆಗೆ. ಬಲಕ್ಕೆ ಬಾಟಲಿಗಳ ಗೋಣಿಚೀಲ. ನಡುವೆ ಎಲೆಕ್ಟ್ರಾನಿಕ್ ಕಾಟಾ. ಅದರ ಅಂಕಿ ಕಾಣುವ ಮುಖವನ್ನು ಗಿರಾಕಿಯ ಕಡೆ ತಿರುಗಿಸಿ ಇಟ್ಟಿದ್ದಾರೆ. ನನಗೆ ಮೊದಲು ಇಷ್ಟವಾಗಿದ್ದು ಅದೇ. ಚೀಲ ಇಟ್ಟರು, ಅಂಕಿ ಓಡಿ ನಿಂತಿತು. "ನೋಡಿಕೊಂಡ್ರಾ?" ಅಂತ ಕೇಳಿದರು. ಹೂಂ ಅಂದ ಮೇಲೆಯೇ ಇಳಿಸಿದ್ದು. ಪ್ರತಿ ಸಲವೂ ಹಾಗೆಯೇ, ಒಂದು ಸಲವೂ ತಪ್ಪಿಸಲಿಲ್ಲ.

ಆದರೆ ಮೊದಲ ದಿನ ನಮ್ಮ ರಟ್ಟನ್ನು ತೆಗೆದುಕೊಳ್ಳಲಿಲ್ಲ. ಒಳಗೆ ಜಾಗ ಇಲ್ಲ ಅಂತ ಪೆಟ್ಟಿಗೆಗಳನ್ನೆಲ್ಲ ಮೇಲೆ ಟೆರೇಸಿನಲ್ಲಿ ಇಟ್ಟಿದ್ದೆವು. ಜನವರಿ ಇಬ್ಬನಿ ಗೊತ್ತಲ್ಲ, ಬೆಳಿಗ್ಗೆ ಮುಟ್ಟಿದರೆ ಎಲ್ಲ ತಣ್ಣಗೆ ಮೆತ್ತಗೆ. ಅಕ್ಕ ಒಂದು ಪೆಟ್ಟಿಗೆಯ ಅಂಚನ್ನು ಹೆಬ್ಬೆರಳಲ್ಲಿ ಒತ್ತಿದರು, ಬೆರಳು ಒಳಗೆ ಹೋಯಿತು. "ಇದು ನೀರಿನ ತೂಕ. ಹೀಗೇ ಹಿಡಿದರೆ ನಾನು ಕಳೆದು ಹಿಡೀಬೇಕು, ನಿಮಗೂ ಬೇಜಾರು. ಎರಡು ದಿನ ಬಿಸಿಲಿಗೆ ಹಾಕಿ ತನ್ನಿ" ಅಂದರು. ಕಟ್ಟಿನ ನಡುವೆ ಒಂದೆರಡು ಒದ್ದೆ ರಟ್ಟು ಸೇರಿದರೆ ಬೂಸ್ಟು ಹಿಡಿದು ಪಕ್ಕದ್ದೂ ಹಾಳಾಗುತ್ತದಂತೆ. ಕಾರ್ಖಾನೆಯವರು ಇಡೀ ಕಟ್ಟಿನ ರೇಟ್ ಇಳಿಸಿಬಿಡುತ್ತಾರಂತೆ. ಅವರ ರಟ್ಟು ನಂಜನಗೂಡು ಕಡೆಯ ಕಾಗದದ ಕಾರ್ಖಾನೆಗೆ ಹೋಗುತ್ತದೆ ಅಂತ ಅಂಗಡಿಯವರು ಹೇಳಿದರು. ನಾವು ಬಿಸಾಡಿದ ಪೆಟ್ಟಿಗೆ ಇಪ್ಪತ್ತೈದು ಕಿಲೋಮೀಟರ್ ಆಚೆ ಹೋಗಿ ಅರೆದು ಮತ್ತೆ ಕಂದು ಕಾಗದ ಆಗಿ, ಇನ್ಯಾರದೋ ಮನೆಗೆ ಪೆಟ್ಟಿಗೆಯಾಗಿ ಬರುತ್ತದೆ. ಕೇಳಿ ಖುಷಿಯಾಯಿತು. ಆದರೆ ಇದು ಎಷ್ಟು ಸಲ ಬೇಕಾದರೂ ಆಗುವ ಕೆಲಸ ಅಲ್ಲ. ಪ್ರತಿ ಸಲ ಅರೆದಾಗ ಕಾಗದದ ನಾರು ಗಿಡ್ಡ ಆಗುತ್ತಾ ಹೋಗುತ್ತದೆ, ಹೊಸ ನಾರು ಬೆರೆಸಲೇಬೇಕಾಗುತ್ತದೆ. ಗಾಜು ಮತ್ತು ಅಲ್ಯೂಮಿನಿಯಮ್ಮಿಗೆ ಆ ತೊಂದರೆ ಇಲ್ಲ, ಎಷ್ಟು ಸಲ ಕರಗಿಸಿದರೂ ಅದೇ ಗುಣ. ಹಳೇ ಅಲ್ಯೂಮಿನಿಯಂ ಕರಗಿಸಿದರೆ ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಬೇಕಾಗುವ ಶಕ್ತಿಯಲ್ಲಿ ಸುಮಾರು 95 ಶೇಕಡಾ ಉಳಿಯುತ್ತದೆ. ಹಾಗಾಗಿ ನಮ್ಮ ತಳ ತೂತಾದ ಪಾತ್ರೆಯನ್ನು ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು.

ಎರಡನೇ ಸಲ ಹೋದಾಗ ಶನಿವಾರ, ಜನ ಕಡಿಮೆ ಇದ್ದರು. ಅಕ್ಕ ತಮ್ಮ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿ ಕೂರಿಸಿಕೊಂಡು ನಮ್ಮ ಚೀಲವನ್ನು ನಮ್ಮ ಎದುರಿಗೇ ಬಿಡಿಸಿದರು. ಆ ಅರ್ಧ ಗಂಟೆಯಲ್ಲಿ ಕಲಿತದ್ದು ಜಾಸ್ತಿ.

ಗಿಫ್ಟ್ ಸುತ್ತಿದ ಕಾಗದ ನೋಡಲು ಎಲ್ಲ ಒಂದೇ ಥರ. ಅಕ್ಕ ಒಂದನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ, ಕೈ ಬಿಚ್ಚಿ ಹಿಡಿದರು. ಮುದ್ದೆಯಾಗಿಯೇ ಇದ್ದರೆ ಅದು ಕಾಗದ. ಸರಸರ ಅಂತ ತಾನೇ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಇದೆ. ನಮ್ಮ ಚೀಲದಲ್ಲಿ ಮುದ್ದೆಯಾಗಿ ಉಳಿದದ್ದು ಮೂರೇ ಮೂರು. ಮಿಂಚು ಪುಡಿ ಹಾಕಿದ್ದು, ಬೆಳ್ಳಿ ಬಣ್ಣದ್ದು ಎಲ್ಲ ಪಕ್ಕಕ್ಕೆ ಹೋಯಿತು. ಇಷ್ಟು ದಿನ ಅವನ್ನೆಲ್ಲ ಕಾಗದ ಅಂತಲೇ ನಂಬಿದ್ದೆ. ಮುಂದಿನ ಕ್ರಿಸ್‌ಮಸ್‌ಗೆ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತುವುದು ಅಂತ ಮಗಳ ಜೊತೆ ಮಾತಾಗಿದೆ, ಅವಳು ಈಗಲೇ ಹಾಳೆ ಎತ್ತಿಡುತ್ತಿದ್ದಾಳೆ.

ಆಮೇಲೆ ಬಿಲ್ಲುಗಳು. ಸೂಪರ್ ಮಾರ್ಕೆಟ್ಟಿನ ಬಿಲ್ಲು, ಬಟ್ಟೆ ಅಂಗಡಿ ಬಿಲ್ಲು, ಒಂದು ಹಿಡಿ ಇತ್ತು, ಪೇಪರ್ ಜೊತೆ ಸೇರಿಸಿದ್ದೆ. ಅಕ್ಕ ಉಗುರಿನಲ್ಲಿ ಜೋರಾಗಿ ಗೀರಿದರು, ಕಪ್ಪು ಗೆರೆ ಬಿತ್ತು. ಶಾಯಿ ಇಲ್ಲದೆ ಬಿಸಿಗೆ ಅಚ್ಚಾಗುವ ಕಾಗದ ಅದು, ಮೇಲೆ ರಾಸಾಯನಿಕ ಬಳಿದಿರುತ್ತದೆ. ಪೇಪರಿಗೆ ಸೇರಿಸಬೇಡಿ ಅಂದರು. ನೀವೂ ಮನೆಯಲ್ಲಿ ಒಂದು ಬಿಲ್ಲು ತೆಗೆದುಕೊಂಡು ಗೀರಿ ನೋಡಿ.

ಕೇಕ್ ಡಬ್ಬಿಯ ಮುಚ್ಚಳ ತೆಗೆದುಕೊಂಡರು, ಬೆಣ್ಣೆ ಹೀರಿಕೊಂಡ ತಳವನ್ನು ಹರಿದು ವಾಪಸ್ ಕೊಟ್ಟರು. ಜಿಡ್ಡು ಹತ್ತಿದ ಕಾಗದ ಅರೆದಾಗ ಜಿಡ್ಡು ಬಿಡುವುದಿಲ್ಲ. ಪಿಜ್ಜಾ ಡಬ್ಬಿಗೂ ಅದೇ ಲೆಕ್ಕ. ಕೇಕಿನ ಕೆಳಗೆ ಇಡುವ ಚಿನ್ನದ ಬಣ್ಣದ ರಟ್ಟಂತೂ ಮುಟ್ಟಲೇ ಇಲ್ಲ. ಜ್ಯೂಸಿನ ಪ್ಯಾಕೆಟ್ಟಿನ ಒಂದು ಅಂಚನ್ನು ಕತ್ತರಿಯಲ್ಲಿ ಕತ್ತರಿಸಿ ತೋರಿಸಿದರು. ಹೊರಗೆ ರಟ್ಟು, ಒಳಗೆ ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಪದರ, ಅದರ ಮೇಲೆ ತೆಳ್ಳಗೆ ಪ್ಲಾಸ್ಟಿಕ್. ಮೂರನ್ನೂ ಬಿಡಿಸುವ ಕಾರ್ಖಾನೆ ಬೇರೆಯೇ ಬೇಕು. ಅಲ್ಲಿಗೆ ಕಳಿಸುವಷ್ಟು ತಮ್ಮಲ್ಲಿ ಸೇರುವುದಿಲ್ಲ ಅಂತ ನೇರವಾಗಿ ಹೇಳಿದರು. ತೆಗೆದುಕೊಂಡು ಎಲ್ಲೋ ಎಸೆಯುವುದಕ್ಕಿಂತ ಹೀಗೆ ಹೇಳುವುದು ಎಷ್ಟೋ ಮೇಲು ಅಲ್ವಾ?

ನೀರಿನ ಬಾಟಲಿ, ಕೂಲ್ ಡ್ರಿಂಕ್ಸ್ ಬಾಟಲಿ ಎಲ್ಲ ತೆಗೆದುಕೊಳ್ಳುತ್ತಾರೆ. ತಳದಲ್ಲಿ ತ್ರಿಕೋನದ ಒಳಗೆ 1 ಅಂತ ಇರುತ್ತದೆ. ಮುಚ್ಚಳ ಬೇರೆ ಜಾತಿಯ ಪ್ಲಾಸ್ಟಿಕ್. ತೆಗೆದಿಡಬೇಕಾ ಅಂತ ಕೇಳಿದೆ. ಬಾಟಲಿ ಜಜ್ಜಿ ಗಾಳಿ ತೆಗೆದು ಮುಚ್ಚಳ ಹಾಕಿಯೇ ತಂದರೂ ಪರವಾಗಿಲ್ಲ ಅಂದರು. ಕಾರ್ಖಾನೆಯಲ್ಲಿ ಚೂರು ಮಾಡಿ ನೀರಿಗೆ ಹಾಕಿದಾಗ ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ, ಹಾಗೆ ಬೇರೆ ಮಾಡುತ್ತಾರೆ. ಮನೆಗೆ ಬಂದು ಮಗಳು ಇದನ್ನು ಬಕೆಟ್ಟಿನಲ್ಲಿ ಮಾಡಿ ನೋಡಿದಳು. ನಿಜವಾಗಿಯೂ ಹಾಗೇ ಆಯಿತು.

ಹಾಲಿನ ಕವರ್ ಬಗ್ಗೆ ಒಂದು ಮಾತು. ನಾವೆಲ್ಲ ನಂದಿನಿ ಪ್ಯಾಕೆಟ್ಟಿನ ಮೂಲೆಯನ್ನು ಕತ್ತರಿಸಿ ಆ ಚೂರನ್ನು ಸಿಂಕಿಗೆ ಬಿಡುತ್ತೇವೆ. ಆ ಚೂರು ಆರಿಸಲು ಬರದಷ್ಟು ಚಿಕ್ಕದು, ಮೋರಿಗೆ ಹೋಗುತ್ತದೆ, ಇಲ್ಲ ಹಸಿ ಕಸಕ್ಕೆ ಸೇರಿ ಗೊಬ್ಬರದಲ್ಲಿ ಉಳಿಯುತ್ತದೆ. ಪೂರ್ತಿ ಕತ್ತರಿಸದೆ ಒಂದು ಎಳೆ ಬಿಟ್ಟರೆ ಅದು ಕವರಿನ ಜೊತೆಗೇ ಬರುತ್ತದೆ. ತೊಳೆದು, ಬೋರಲು ಹಾಕಿ ಒಣಗಿಸಿ, ಒಂದರೊಳಗೊಂದು ತುರುಕಿ ತಂದರೆ ಒಳ್ಳೆ ರೇಟ್ ಕೊಡುತ್ತಾರೆ. ತೊಳೆಯದ ಕವರ್ ಎರಡೇ ದಿನಕ್ಕೆ ನಾರುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಲೂಬಾರದು.

ಸೀರಿಯಲ್ ಸೆಟ್ ವಿಷಯದಲ್ಲಿ ನನಗೆ ಭಯ ಇತ್ತು. ಒಳಗಿನ ತಾಮ್ರಕ್ಕೋಸ್ಕರ ಕೆಲವು ಕಡೆ ವೈರನ್ನು ಸುಡುತ್ತಾರೆ. ಆ ಕಪ್ಪು ಹೊಗೆಯ ವಾಸನೆ ಒಮ್ಮೆ ಕುಡಿದವರಿಗೆ ಗೊತ್ತು. ಮೇಲಿನ ಹೊದಿಕೆ ಪಿವಿಸಿ, ಸುಟ್ಟರೆ ಡಯಾಕ್ಸಿನ್ ಅನ್ನುವ ಅತಿ ಕೆಟ್ಟ ವಿಷ ಹೊರಡುತ್ತದೆ. ಹಾಗಾಗಿ ನೇರವಾಗಿಯೇ ಕೇಳಿದೆ, ಇದನ್ನು ಸುಡುತ್ತೀರಾ ಅಂತ. ಅಕ್ಕ ಮಾತಾಡಲಿಲ್ಲ, ಹುಡುಗನ ಕಡೆ ಕೈ ತೋರಿಸಿದರು. ಅವನು ಒಂದು ಮರದ ತುಂಡಿನ ಮೇಲೆ ವೈರ್ ಇಟ್ಟು, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಬಾಳೆನಾರು ತೆಗೆದ ಹಾಗೆ ಹಸಿರು ಸಿಪ್ಪೆ ಎಳೆದು ತೆಗೆಯುತ್ತಿದ್ದ. ಒಳಗಿನ ತಾಮ್ರ ಕೂದಲಿನಷ್ಟು ಸಣ್ಣ. ಒಂದು ಸೆಟ್ಟಿಗೆ ಎಷ್ಟು ಹೊತ್ತು ಬೇಕು ಅಂದೆ. ಅರ್ಧ ಗಂಟೆ ಅಂದ. ಅದರಲ್ಲಿ ಸಿಗುವ ತಾಮ್ರ ಒಂದು ಹಿಡಿಯೂ ಆಗುವುದಿಲ್ಲ. ಆ ಹೊತ್ತಿಗೆ ನನಗೆ ಅನ್ನಿಸಿದ್ದು, ಉರಿಯದ ಸೆಟ್ಟನ್ನು ರಿಪೇರಿ ಮಾಡಿಸಬಹುದಿತ್ತು ಅಂತ. ನಾಲ್ಕು ಸೆಟ್ಟಿನಲ್ಲಿ ಎರಡನ್ನು ವಾಪಸ್ ತಂದೆ. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ನೋಡಿದರು, ಒಂದರಲ್ಲಿ ಪಿನ್ನಿನ ಹತ್ತಿರ ವೈರ್ ಬಿಟ್ಟಿತ್ತಷ್ಟೆ. ಈಗ ಉರಿಯುತ್ತಿದೆ.

ಆಟಿಕೆ ಮತ್ತು ಹಾಡುವ ಗ್ರೀಟಿಂಗ್ ಕಾರ್ಡಿನಲ್ಲಿದ್ದ ಗುಂಡಿ ಬ್ಯಾಟರಿಗಳನ್ನು ಅಕ್ಕ ಮುಟ್ಟಲಿಲ್ಲ. ಅದು ಸರಿ ಕೂಡ. 2016ರ ಕಸದ ನಿಯಮದಲ್ಲೇ ಮನೆಯ ಕಸವನ್ನು ಮೂರು ಮಾಡಬೇಕು ಅಂತಿತ್ತು, ಹಸಿ, ಒಣ ಮತ್ತು ಅಪಾಯಕಾರಿ. ಮೂರನೆಯದನ್ನು ನಾವೆಲ್ಲ ಮರೆತೇಬಿಟ್ಟಿದ್ದೇವೆ. ಬ್ಯಾಟರಿ, ಟ್ಯೂಬ್‌ಲೈಟು, ಹಳೇ ಮಾತ್ರೆ, ಬಣ್ಣದ ಡಬ್ಬಿ ಇವೆಲ್ಲ ಅದಕ್ಕೆ ಸೇರಿದ್ದು. ಚಿಕ್ಕ ಮಕ್ಕಳಿರುವ ಮನೆಯವರು ಗುಂಡಿ ಬ್ಯಾಟರಿಯನ್ನು ಎಲ್ಲೆಂದರಲ್ಲಿ ಬಿಡಬೇಡಿ, ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ. ಎರಡೂ ಕಡೆ ಟೇಪ್ ಹಚ್ಚಿ ಬೇರೆ ಡಬ್ಬಿಯಲ್ಲಿಡಿ.

ಇನ್ನು ಥರ್ಮಾಕೋಲ್. ಇದಕ್ಕೆ ಈ ಅಂಗಡಿಯಲ್ಲೂ ಜಾಗ ಇಲ್ಲ. ಅದರಲ್ಲಿ ನೂರಕ್ಕೆ 98 ಭಾಗ ಬರೀ ಗಾಳಿ. ಶೆಡ್ಡು ತುಂಬಿದರೂ ತೂಕ ಬರುವುದಿಲ್ಲ, ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ. ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಮಾಡಿದ್ದಾರೆ. ಅದೇ ಪಟ್ಟಿಯಲ್ಲಿ ಸಿಹಿ ಡಬ್ಬಿಗೆ ಸುತ್ತುವ ತೆಳು ಹಾಳೆ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ತಟ್ಟೆ ಲೋಟ ಚಮಚ ಎಲ್ಲ ಇವೆ. ಒಂದು ಕ್ಷಣ ಯೋಚನೆ ಮಾಡಿ ನೋಡಿ, ನಮ್ಮ ಹಬ್ಬದ ಕಸದಲ್ಲಿ ಇವು ಎಷ್ಟಿರುತ್ತವೆ ಅಂತ. ನಮ್ಮ ಗೋದಲಿಗೆ ಮೊದಲು ಥರ್ಮಾಕೋಲಿನ ಗುಡ್ಡ ಇರುತ್ತಿತ್ತು. ಈಗ ಎರಡು ವರ್ಷದಿಂದ ಅತ್ತೆ ತಮ್ಮ ತವರಿನ ಪದ್ಧತಿಗೇ ಹೋಗಿದ್ದಾರೆ. ಸಿಮೆಂಟ್ ಚೀಲದ ಕಾಗದಕ್ಕೆ ಗಂಜಿ, ಬಣ್ಣ ಬಳಿದು, ಮುದುಡಿ, ಗುಡ್ಡ ಮಾಡುತ್ತಾರೆ. ಡಿಸೆಂಬರ್ ಮೊದಲ ವಾರ ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬೆಳೆಸುತ್ತಾರೆ, ಹಬ್ಬದ ಹೊತ್ತಿಗೆ ಬೆರಳುದ್ದ ಹಸಿರು ನಿಂತಿರುತ್ತದೆ. ಬಿಚ್ಚಿದ ಮೇಲೆ ಪೈರು ಗೊಬ್ಬರಕ್ಕೆ, ಹುಲ್ಲು ಹಿಂದಿನ ಬೀದಿಯವರ ಹಸುವಿಗೆ. ಕಾಗದದ ಗುಡ್ಡವನ್ನು ಮಡಚಿ ಅಟ್ಟಕ್ಕೆ ಹಾಕಿದ್ದಾರೆ, ಬರುವ ವರ್ಷಕ್ಕೆ.

ಹಸಿ ಕಸದ ಬಗ್ಗೆ ಈ ಅಂಗಡಿಗೆ ಸಂಬಂಧ ಇಲ್ಲ, ಆದರೂ ಕೇಳುವವರಿಗಾಗಿ ಎರಡು ಸಾಲು. ಅವರೆಕಾಯಿ ಸಿಪ್ಪೆ ಕೊಳೆಯುವುದು ಬೇಗ. ಕಬ್ಬಿನ ಸಿಪ್ಪೆ ಬೇಗ ಕೊಳೆಯುವುದಿಲ್ಲ, ಗಟ್ಟಿ ನಾರು. ಮಂಡ್ಯ ಕಡೆ ಸಕ್ಕರೆ ಕಾರ್ಖಾನೆಗಳಲ್ಲಿ ರಸ ಹಿಂಡಿ ಉಳಿದ ಕಬ್ಬಿನ ನಾರೇ ಬಾಯ್ಲರಿಗೆ ಉರುವಲು. ನಮ್ಮ ಮನೆಯ ಬುಟ್ಟಿ ಗೊಬ್ಬರಕ್ಕೆ ಕತ್ತಿಯಲ್ಲಿ ಚಿಕ್ಕದಾಗಿ ಕೊಚ್ಚಿ, ಅವರೆ ಸಿಪ್ಪೆಯ ಜೊತೆ ಒಂದು ಪದರ ಅದು ಒಂದು ಪದರ ಇದು ಅಂತ ಹಾಕಿದೆ. ಹಸಿ ಸಿಪ್ಪೆಯ ನೀರನ್ನು ಕಬ್ಬಿನ ನಾರು ಹೀರಿಕೊಂಡು ವಾಸನೆ ಬರಲೇ ಇಲ್ಲ.

ದುಡ್ಡಿನ ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ನಾವು ಹೋದ ದಿನ ಪೇಪರ್ ಕೆಜಿಗೆ 14, ರಟ್ಟು 8. ಒಂಬತ್ತು ಕೆಜಿ ಪೇಪರ್, ಹನ್ನೊಂದು ಕೆಜಿ ರಟ್ಟು, ಬಾಟಲಿ, ಹಾಲಿನ ಕವರ್, ಅಲ್ಯೂಮಿನಿಯಂ ಪಾತ್ರೆ, ಎರಡು ಸೀರಿಯಲ್ ಸೆಟ್, ಎಲ್ಲ ಸೇರಿ 482 ರೂಪಾಯಿ ಕೊಟ್ಟರು. ರೇಟ್ ದಿನಾ ಬದಲಾಗುತ್ತದೆ, ಇದನ್ನೇ ಹಿಡಿದುಕೊಂಡು ಹೋಗಿ ಜಗಳ ಮಾಡಬೇಡಿ. ಇದೇ ಸಾಮಾನನ್ನು ಬೇರೆ ಮಾಡದೆ ಒಂದೇ ಮೂಟೆ ತಂದಿದ್ದರೆ ಎಷ್ಟು ಕೊಡುತ್ತಿದ್ದಿರಿ ಅಂದೆ. ಕಡಿಮೆ ರೇಟಿನ ಸಾಮಾನಿನ ಲೆಕ್ಕಕ್ಕೇ ಎಲ್ಲ ಹಿಡಿಯುತ್ತಿದ್ದೆ, ಅರ್ಧವೂ ಬರುತ್ತಿರಲಿಲ್ಲ ಅಂದರು.

ಈಗ ಆ ಕಡಿಮೆಯಾದ ಒಂದು ಅಂಕದ ವಿಷಯ. ರೇಟ್ ಬೋರ್ಡ್ ಇಲ್ಲ. ಎಲ್ಲ ಬಾಯಿ ಮಾತು. ಇಷ್ಟು ನಿಯತ್ತಿನ ಅಂಗಡಿಗೆ ಒಂದು ಸ್ಲೇಟಿನಲ್ಲಿ ಆ ದಿನದ ರೇಟ್ ಬರೆದಿಡಲು ಏನು ಕಷ್ಟ? ಹೊಸಬರಿಗೆ ನಂಬಿಕೆ ಬರುವುದೇ ಅದರಿಂದ. ಭಾನುವಾರ ತೆರೆದಿರುತ್ತದೋ ಇಲ್ಲವೋ ಹೇಳಲಾಗದು, ನಾವು ಒಂದು ಸಲ ಮೂಟೆ ಹೊತ್ತು ಹೋಗಿ ಬಾಗಿಲು ನೋಡಿ ಬಂದಿದ್ದೇವೆ. ಚೀಲಗಳು ಫುಟ್‌ಪಾತ್ ಮೇಲೆ ಬಂದುಬಿಡುತ್ತವೆ, ವಯಸ್ಸಾದವರು ರಸ್ತೆಗೆ ಇಳಿದು ನಡೆಯಬೇಕಾಗುತ್ತದೆ. ಇದನ್ನು ಅವರಿಗೂ ಹೇಳಿದೆ, ಜಾಗ ಇಲ್ಲ ಅಂದರು. ಅದೂ ನಿಜವೇ, ಆದರೂ ಹೇಳಬೇಕು.

ಎಲ್ಲಕ್ಕಿಂತ ಬೇಜಾರಾಗಿದ್ದು ಆ ಹುಡುಗನ ಕೈ ನೋಡಿ. ಬ್ಲೇಡ್ ಹಿಡಿದು ದಿನವಿಡೀ ಕೆಲಸ, ಗ್ಲೌಸ್ ಇಲ್ಲ. ಬೆರಳ ಸಂದಿಯಲ್ಲಿ ಹಳೇ ಗಾಯದ ಗೆರೆಗಳು. ಗ್ಲೌಸ್ ಹಾಕಿದರೆ ಸಣ್ಣ ವೈರ್ ಕೈಗೆ ಸಿಗುವುದಿಲ್ಲ ಅಂದ. ತಂತಿ ಕೆಲಸಕ್ಕೆ ಸರಿಯಾದ ತೆಳು ಗ್ಲೌಸ್ ಸಿಗುತ್ತದೆ. ಅದನ್ನು ಕೊಡಿಸುವುದು ಅಂಗಡಿಯ ಕೆಲಸ, ಗಿರಾಕಿಯದಲ್ಲ. ಅಕ್ಕನಿಗೆ ಹೇಳಿದೆ, ಹೂಂ ಅಂದರು. ಕೊಡಿಸಿದ್ದು ಕಣ್ಣಿಗೆ ಬಿದ್ದ ದಿನ ಐದಕ್ಕೆ ಐದು ಮಾಡುತ್ತೇನೆ.

ಹೋಗುವವರಿಗೆ ಎರಡು ಮಾತು. ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ, ಆಮೇಲೆ ದೊಡ್ಡ ಗಾಡಿಗಳು ಬಂದು ನಮ್ಮಂಥ ಚಿಕ್ಕ ಮೂಟೆಯವರು ಕಾಯಬೇಕಾಗುತ್ತದೆ. ಪೆಟ್ಟಿಗೆಯ ಟೇಪ್ ಕಿತ್ತು, ಚಪ್ಪಟೆ ಮಾಡಿ, ಸೆಣಬಿನ ದಾರದಲ್ಲಿ ಕಟ್ಟಿ. ವಿಳಾಸದ ಚೀಟಿ ಹರಿದುಹಾಕಿ, ನಿಮ್ಮ ಹೆಸರು ಫೋನ್ ನಂಬರ್ ಅದರಲ್ಲಿ ಇರುತ್ತದೆ. ಮಂಡಿ ಮೊಹಲ್ಲಾ ದೂರ ಅನ್ನುವವರು ನಿಮ್ಮ ಏರಿಯಾದಲ್ಲಿ ಕೇಳಿ ನೋಡಿ. ಕುಂಬಾರಕೊಪ್ಪಲಿನ ಘಟಕದಲ್ಲಿ ವರ್ಷಗಳಿಂದ ಒಣ ಕಸವನ್ನು ಬಗೆ ಬಗೆಯಾಗಿ ಬೇರೆ ಮಾಡಿ ಮಾರುತ್ತಿದ್ದಾರೆ, ಹೊರ ಊರಿನವರು ಬಂದು ನೋಡಿ ಹೋಗುವಷ್ಟು ಹೆಸರಾಗಿದೆ.

ಅಂಗಡಿ ವಾಪಸ್ ಕೊಟ್ಟಿದ್ದೆಲ್ಲ ಈಗ ನಮ್ಮ ಹಿತ್ತಲಿನಲ್ಲಿ ಒಂದು ಚೀಲದಲ್ಲಿದೆ. ಮಿಂಚಿನ ಕಾಗದ, ಚಿಪ್ಸ್ ಪ್ಯಾಕೆಟ್ಟು, ಜ್ಯೂಸಿನ ಡಬ್ಬಿ, ಚಿನ್ನದ ರಟ್ಟು, 37 ಎಳ್ಳಿನ ಪೊಟ್ಟಣ. ತೂಗಿದೆ, ಎರಡು ಕೆಜಿ ಚಿಲ್ಲರೆ. ಇಷ್ಟನ್ನು ತಳ್ಳುಗಾಡಿಗೆ ಕೊಡಲೇಬೇಕು, ಬೇರೆ ದಾರಿ ನನಗೆ ಕಾಣಲಿಲ್ಲ. ನಾಳೆ ಬೆಳಿಗ್ಗೆ ಗಾಡಿಯ ಅಕ್ಕ ಬಂದಾಗ ಚೀಲದ ಬಾಯಿ ಬಿಚ್ಚಿ ತೋರಿಸಿ, ಇದರಲ್ಲಿ ಗಾಜಿಲ್ಲ ಅಂತ ಹೇಳಿ ಕೊಡುತ್ತೇನೆ.